ಬಣ್ಣ ಕೆಟ್ಟಿದ್ದು ಎಲ್ಲಿಂದ ಶುರುವಾಯಿತು?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಪದ ಮತ್ತೆ ಮತ್ತೆ ಕಾಣಿಸುತ್ತದೆ: ಮಾಟ್ಲಿಂಗ್. ಮಗನ ಹಲ್ಲು ತೋರಿಸಲು ದಾವಣಗೆರೆಗೆ ಹೋದವರಿಗೆ ದಂತ ವೈದ್ಯರು ಚೀಟಿಯಲ್ಲಿ ಅದನ್ನು ಬರೆದುಕೊಟ್ಟಿರುತ್ತಾರೆ. ಬೆಂಡೆ ಹೊಲಕ್ಕೆ ಬಂದ ಕೃಷಿ ಅಧಿಕಾರಿ ಎಲೆ ನೋಡಿ ಅದೇ ಮಾತು ಆಡಿರುತ್ತಾರೆ. ನಾಲೆ ಬಯಲಿನ ಮಣ್ಣು ಸಮೀಕ್ಷೆಯ ವರದಿಯಲ್ಲೂ ಅದೇ ಪದ. ‘ಹಲ್ಲಿಗೂ ಎಲೆಗೂ ಮಣ್ಣಿಗೂ ಒಂದೇ ರೋಗ ಬರುತ್ತದೇನ್ರಿ?’ ಎಂದು ಮಾಯಕೊಂಡದ ಓದುಗರೊಬ್ಬರು ಕೇಳಿದ್ದಾರೆ. ಇಲ್ಲ, ಬರುವುದಿಲ್ಲ. ಒಂದೇ ಸಮನಾಗಿ ಇರಬೇಕಾದ ಬಣ್ಣ ಅಲ್ಲಲ್ಲಿ ತಿಳಿಯಾಗಿ, ಅಲ್ಲಲ್ಲಿ ಗಾಢವಾಗಿ, ಮಚ್ಚೆ ಮಚ್ಚೆಯಾಗಿ ಕಂಡರೆ ಅದಕ್ಕೆ ಆ ಹೆಸರು, ಅಷ್ಟೇ. ನಮ್ಮ ಮನೆಗಳಲ್ಲಿ ಇದಕ್ಕೆ ಜಾಗಕ್ಕೊಂದು ಹೆಸರಿದೆ. ಕೆನ್ನೆಗೆ ಬಂದರೆ ಬಂಗು, ಬೆನ್ನಿಗೆ ಬಂದರೆ ಚಿಬ್ಬು, ಎಲೆಗೆ ಬಂದರೆ ನಂಜು. ಇಂಗ್ಲಿಷಿನ ಪದವಾಗಲಿ ನಮ್ಮ ಪದಗಳಾಗಲಿ, ಕಣ್ಣಿಗೆ ಕಂಡದ್ದನ್ನು ಹೇಳುತ್ತವೆಯೇ ಹೊರತು ಯಾಕೆ ಹಾಗಾಯಿತು ಎಂಬುದನ್ನು ಹೇಳುವುದಿಲ್ಲ.

ಕಾರಣ ಗೊತ್ತಾಗುವುದು ಬೇರೆ ಕಡೆಯಿಂದ. ಮಚ್ಚೆಯ ಬಣ್ಣಕ್ಕಿಂತ ಅದು ಕೂತ ಜಾಗ ಹೆಚ್ಚು ಮಾತಾಡುತ್ತದೆ ಎಂಬುದು ಇಷ್ಟು ವರ್ಷ ಹೊಲ, ಆಸ್ಪತ್ರೆ, ಪ್ರಯೋಗಾಲಯ ಸುತ್ತಿ ನಾನು ಕಂಡುಕೊಂಡದ್ದು. ಮೊದಲು ಎಲ್ಲಿ ಬಂತು? ಎರಡೂ ಕಡೆ ಸರಿಸಮವಾಗಿ ಬಂತೋ, ಒಂದೇ ಕಡೆಯೋ? ಅಂಚು ಹೇಗಿದೆ? ಇವನ್ನು ಕೇಳದೆ ‘ಇದಕ್ಕೆ ಏನು ಹೊಡೆಯಬೇಕು?’ ಎಂದು ಕೇಳಿದರೆ ಅಂಗಡಿಯವರು ಏನನ್ನಾದರೂ ಕೊಟ್ಟೇ ಕೊಡುತ್ತಾರೆ.

ಮೆಕ್ಕೆಜೋಳದಿಂದಲೇ ಶುರು ಮಾಡೋಣ. ಮಾಯಕೊಂಡ, ಆನಗೋಡು ಕಡೆ ಮುಂಗಾರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಾಣುವುದು ಅದೇ ಬೆಳೆ. ಬಿತ್ತಿ ಕೆಲವು ವಾರವಾದ ಮೇಲೆ ಹೊಲ ಹಳದಿ ತಿರುಗಿತೆಂದರೆ ಎಲ್ಲರ ಕೈ ಯೂರಿಯಾ ಚೀಲಕ್ಕೆ ಹೋಗುತ್ತದೆ. ತಡೆಯಿರಿ, ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ. ಬುಡದ ಹಳೆಯ ಎಲೆ ತುದಿಯಿಂದ ನಡುನರದ ಗುಂಟ ಒಳಕ್ಕೆ ಹಳದಿಯಾಗುತ್ತಾ ಬಂದಿದ್ದರೆ ಅದು ಸಾರಜನಕದ ಕೊರತೆ, ಯೂರಿಯಾ ಸರಿ. ಬುಡದ ಎಲೆಯ ಅಂಚು ಮಾತ್ರ ಸುಟ್ಟಂತೆ ಒಣಗಿದ್ದರೆ ಪೊಟ್ಯಾಷ್ ಸಾಲದು. ಬುಡದ ಎಲೆಯಲ್ಲೇ ನರಗಳು ಹಸಿರಾಗಿ ಉಳಿದು ನಡುವಿನ ಜಾಗ ಹಳದಿ ಪಟ್ಟೆಯಾಗಿದ್ದರೆ ಮೆಗ್ನೀಸಿಯಂ ಕಡಿಮೆ. ಆದರೆ ಬುಡ ಹಸಿರಾಗಿದ್ದು, ಸುಳಿಯ ಹೊಸ ಎಲೆಯಲ್ಲಿ ನಡುನರದ ಎರಡೂ ಬದಿಗೆ ಬೆಳ್ಳಗಿನ ಅಗಲ ಪಟ್ಟಿ ಮೂಡಿದ್ದರೆ ಅದು ಸತುವಿನ, ಅಂದರೆ ಜಿಂಕ್‌ನ ಕೊರತೆ. ಯೂರಿಯಾ ಎಷ್ಟು ಸುರಿದರೂ ಅದು ಹೋಗುವುದಿಲ್ಲ. ವರ್ಷವರ್ಷವೂ ಡಿಎಪಿ ಮೇಲೆ ಡಿಎಪಿ ಹಾಕಿದ ಹೊಲದಲ್ಲಿ ರಂಜಕ ಹೆಚ್ಚಾಗಿ ಸತು ಬೇರಿಗೆ ಸಿಗದಂತಾಗುವುದೂ ಉಂಟು.

ಹಳೆ ಎಲೆ, ಹೊಸ ಎಲೆ ಎಂಬ ಈ ಭೇದ ಯಾಕೆ? ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಮನೆಯಲ್ಲಿ ಅನ್ನ ಕಡಿಮೆಯಾದ ದಿನ ಹಿರಿಯರು ತಮ್ಮ ತಟ್ಟೆಯದನ್ನೇ ಮಕ್ಕಳಿಗೆ ಬಡಿಸುವಂತೆ, ಹಳೆಯ ಎಲೆ ತನ್ನಲ್ಲಿದ್ದುದನ್ನು ಸುಳಿಗೆ ಕಳಿಸಿ ತಾನು ಹಳದಿಯಾಗುತ್ತದೆ. ಕಬ್ಬಿಣ, ಸತು ಹಾಗೆ ಸುಲಭವಾಗಿ ಹೊರಡುವುದಿಲ್ಲ. ಒಮ್ಮೆ ಹಳೆ ಎಲೆಯಲ್ಲಿ ನೆಲೆಯಾದರೆ ಬಹುಮಟ್ಟಿಗೆ ಅಲ್ಲೇ. ಹೀಗಾಗಿ ಕೊರತೆ ತೋರುವುದು ಹೊಸ ಎಲೆಯಲ್ಲಿ. ಎರಡೂ ಹಳದಿಯೇ, ಆದರೆ ಗೊಬ್ಬರ ಬೇರೆ. ಸತುವಿನ ಕೊರತೆಗೆ ಅರ್ಧ ಪರ್ಸೆಂಟ್ ಸತುವಿನ ಸಲ್ಫೇಟನ್ನು ಸುಣ್ಣದ ತಿಳಿಯ ಜೊತೆ ಸಿಂಪಡಿಸುವುದು ವಾಡಿಕೆ. ನಿಮ್ಮ ಹೊಲಕ್ಕೆ ಅಳತೆ ಎಷ್ಟೆಂದು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮಾಡಿ.

ಇನ್ನು ರೋಗದ ಮಚ್ಚೆ. ಬೆಂಡೆ ಎಲೆಯ ನರಗಳೇ ಹಳದಿಯಾಗಿ, ನಡುವೆ ಹಸಿರು ತುಣುಕು ತುಣುಕಾಗಿ ಉಳಿದರೆ ಅದು ಹಳದಿ ನರ ನಂಜು. ಮೆಗ್ನೀಸಿಯಂ ಕೊರತೆಯಲ್ಲಿ ನರ ಹಸಿರಾಗಿ ಉಳಿಯುತ್ತದೆ, ಇಲ್ಲಿ ನರವೇ ಮೊದಲು ಬಣ್ಣಗೆಡುತ್ತದೆ. ಹೆಸರು, ಉದ್ದಿನ ಎಲೆಯಲ್ಲಿ ಚಿನ್ನದ ಬಣ್ಣದ ತೇಪೆಗಳು ಬರುವುದೂ ಇದೇ ಜಾತಿಯ ನಂಜು. ಎರಡನ್ನೂ ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ. ನಂಜು ಒಮ್ಮೆ ಒಳಹೊಕ್ಕ ಗಿಡಕ್ಕೆ ಯಾವ ಎಣ್ಣೆ ಹೊಡೆದರೂ ವಾಸಿಯಿಲ್ಲ. ಆ ಗಿಡ ಕಿತ್ತು ಹೂಳಬೇಕು, ಉಳಿದ ಗಿಡಗಳಿಗಾಗಿ ನೊಣ ತಡೆಯಬೇಕು, ಮುಂದಿನ ಸಲ ತಡೆಯುವ ಶಕ್ತಿಯಿರುವ ತಳಿ ಹಾಕಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕ ಅನಾಮಿಕ ಎಂಬ ಬೆಂಡೆ ತಳಿಯನ್ನು ರೂಪಿಸಿದ್ದು ಈ ನಂಜಿಗೆ ಎದುರಾಗಿಯೇ.

ಇಷ್ಟು ಸಾಲದೆಂಬಂತೆ ಮೆಕ್ಕೆಜೋಳಕ್ಕೆ ಕೇದಿಗೆ ರೋಗವೂ ಇದೆ. ಎಲೆಯ ಉದ್ದಕ್ಕೂ ಬಿಳಿಚಿದ ಪಟ್ಟೆ ಬರುತ್ತದೆ. ಮೇಲ್ನೋಟಕ್ಕೆ ಸತುವಿನ ಕೊರತೆಯೆಂದೇ ಅನಿಸೀತು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಎಲೆ ಮಗುಚಿದರೆ ಅಡಿಯಲ್ಲಿ ಬಿಳಿ ಬೂಜು ಕಾಣುತ್ತದೆ. ಮಧ್ಯಾಹ್ನ ಹೋದವರಿಗೆ ಅದು ಸಿಗುವುದಿಲ್ಲ. ಒಂದೇ ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡುವುದಕ್ಕಿಂತ ಬದುವಿನ ಮೇಲೆ ನಿಂತು ಹೊಲವನ್ನೆಲ್ಲ ನೋಡುವುದೂ ಅಷ್ಟೇ ಮುಖ್ಯ. ನಂಜು ರೋಗ ನೊಣ ಇಳಿದಲ್ಲೆಲ್ಲ ಚೆದುರಿ ಬರುತ್ತದೆ. ಪೋಷಕಾಂಶದ ಕೊರತೆ ಮಣ್ಣು ತೆಳ್ಳಗಿರುವ ದಿಬ್ಬದಲ್ಲೋ ಹೊಲ ಸಮ ಮಾಡುವಾಗ ಮೇಲ್ಮಣ್ಣು ಕೆತ್ತಿದ ಮೂಲೆಯಲ್ಲೋ ಒಟ್ಟಾಗಿ ಕಾಣುತ್ತದೆ. ಬಿಳಿಚಿದ ಭಾಗ ಸಾಲು ಹಿಡಿದು ನೇರ ಹೋಗಿ, ಗೆರೆ ಎಳೆದಂತೆ ನಿಂತಿದ್ದರೆ ಅದು ಕಳೆನಾಶಕ ಎರಡೆರಡು ಬಾರಿ ಬಿದ್ದ ಗುರುತು. ಅಲ್ಲಿ ರೋಗ ಹುಡುಕಿ ಪ್ರಯೋಜನವಿಲ್ಲ.

ನಂಜು ಎಲೆಯ ಮೇಲೆ ಮೂಡಿಸುವ ತೇಪೆಗಳಿಂದಲೇ ಮನುಷ್ಯನಿಗೆ ವೈರಸ್ಸಿನ ಪರಿಚಯವಾಯಿತು. ನೆದರ್ಲೆಂಡ್ಸಿನಲ್ಲಿ ಅಡೋಲ್ಫ್ ಮೇಯರ್ ತಂಬಾಕಿನ ಎಲೆಯ ಮೇಲಿನ ತಿಳಿ ಹಸಿರು, ಕಡು ಹಸಿರಿನ ತುಣುಕುಗಳನ್ನು ಕಂಡು 1886ರಲ್ಲಿ ಅದಕ್ಕೆ ಮೊಸಾಯಿಕ್ ರೋಗವೆಂದು ಹೆಸರಿಟ್ಟ. ರೋಗದ ಎಲೆಯ ರಸವನ್ನು ಒಳ್ಳೆಯ ಗಿಡಕ್ಕೆ ತಾಗಿಸಿದರೆ ಅದಕ್ಕೂ ರೋಗ ಬರುತ್ತದೆಂದು ತೋರಿಸಿದ. 1892ರಲ್ಲಿ ರಷ್ಯದ ಇವನೋವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ರೋಗಕಾರಕ ಶಕ್ತಿ ಉಳಿದಿತ್ತು. ಬ್ಯಾಕ್ಟೀರಿಯಾಕ್ಕಿಂತ ಬೇರೆಯೇ ಆದದ್ದು ಇದರಲ್ಲಿದೆ ಎಂದು 1898ರಲ್ಲಿ ಬೈಯರಿಂಕ್ ಎಂಬ ವಿಜ್ಞಾನಿ ವಾದಿಸಿದ. ಕೊರೊನಾ ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ವೈರಸ್ ಎಂಬ ಮಾತು ಇಂದಿನ ಅರ್ಥ ಪಡೆದದ್ದು ಈ ಮಚ್ಚೆ ಎಲೆಯ ವಿಚಾರಣೆಯಲ್ಲಿ.

ಮಚ್ಚೆ ಎಲ್ಲ ಕಡೆ ರೋಗವೂ ಅಲ್ಲ. ಕಪ್ಪುಬಿಳುಪಿನ ಎಚ್‌ಎಫ್ ಹಸುವಿನ ಬಿಳಿ ಭಾಗಕ್ಕೆ ಬಣ್ಣದ ಕೋಶಗಳು ಗರ್ಭದಲ್ಲೇ ತಲುಪಿರುವುದಿಲ್ಲ. ಹಾಲಿಗೆ ಅದರಿಂದ ಏನೂ ಬಾಧೆಯಿಲ್ಲ. ಕೆಲವು ಮೆಕ್ಕೆಜೋಳದ ತೆನೆಯಲ್ಲಿ ನೇರಳೆ ಚುಕ್ಕೆ, ತೇಪೆಗಳಿರುವ ಕಾಳು ಬರುವುದುಂಟು. ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಅಂಥ ಕಾಳುಗಳ ಬೆನ್ನು ಹತ್ತಿದರು. ಬಣ್ಣ ಕೊಡುವ ಜೀನಿನೊಳಗೆ ಬೇರೊಂದು ತುಣುಕು ಹೋಗಿ ಕೂತರೆ ಬಣ್ಣ ನಿಲ್ಲುತ್ತದೆ. ಕಾಳು ಬೆಳೆಯುತ್ತಿರುವಾಗ ಆ ತುಣುಕು ಜಿಗಿದು ಹೊರಟರೆ ಆ ಕೋಶದಿಂದ ಹುಟ್ಟುವ ಕೋಶಗಳಲ್ಲೆಲ್ಲ ಬಣ್ಣ ಮರಳುತ್ತದೆ. ಬೇಗ ಹೊರಟರೆ ದೊಡ್ಡ ತೇಪೆ, ತಡವಾಗಿ ಹೊರಟರೆ ಸಣ್ಣ ಚುಕ್ಕೆ. ಚುಕ್ಕೆಯ ಗಾತ್ರ ನೋಡಿ ಒಳಗೆ ಘಟನೆ ನಡೆದ ಹೊತ್ತನ್ನು ಅವರು ಲೆಕ್ಕ ಹಾಕಿದರು. ಜೀನುಗಳು ಜಾಗ ಬದಲಿಸುತ್ತವೆ ಎಂಬುದನ್ನು ಬಹುಕಾಲ ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರಿಗೆ 81 ವರ್ಷವಾಗಿದ್ದಾಗ.

ಮಣ್ಣಿನ ಮಾತಿಗೆ ಬರೋಣ. ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ಮೊಣಕಾಲುದ್ದ ಗುಂಡಿ ತೋಡಿದರೆ ಬೂದು ಮಣ್ಣಿನ ನಡುವೆ ತುಕ್ಕಿನ ಬಣ್ಣದ ಚುಕ್ಕೆ, ಗೆರೆಗಳು ಕಾಣಬಹುದು. ಮಣ್ಣು ವಿಜ್ಞಾನಿಗಳ ಮಾಟ್ಲಿಂಗ್ ಇದು. ಮಣ್ಣಿಗೆ ಕೆಂಪು ಕೊಡುವುದು ಕಬ್ಬಿಣ. ನೀರು ನಿಂತು ಗಾಳಿ ಆಡದಿದ್ದಾಗ ಸೂಕ್ಷ್ಮಜೀವಿಗಳ ಕೆಲಸದಿಂದ ಆ ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿ ಸರಿದುಹೋಗುತ್ತದೆ, ಆ ಜಾಗ ಬೂದಾಗುತ್ತದೆ. ನೀರು ಇಳಿದು ಬಿರುಕಿನಲ್ಲೋ ಬೇರಿನ ದಾರಿಯಲ್ಲೋ ಗಾಳಿ ನುಗ್ಗಿದಾಗ ಕಬ್ಬಿಣ ಅಲ್ಲಿ ಮತ್ತೆ ತುಕ್ಕಾಗಿ ಕೂರುತ್ತದೆ. ಆದ್ದರಿಂದ ತುಕ್ಕಿನ ಚುಕ್ಕೆ ಎಷ್ಟು ಆಳದಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ನೀರು ಏರಿ ಇಳಿಯುತ್ತದೆಂದು ಬೇಸಿಗೆಯಲ್ಲೂ ಹೇಳಬಹುದು. ಭತ್ತಕ್ಕೆ ಇದರಿಂದ ತೊಂದರೆಯಿಲ್ಲ. ಅದೇ ಗದ್ದೆಗೆ ಅಡಿಕೆ ಸಸಿ ಇಡಲು ಹೊರಟವರು ಮಾತ್ರ ಮೊದಲು ಗುಂಡಿ ತೋಡಿ ನೋಡಲಿ. ಅಡಿಕೆ ಬೇರಿಗೆ ನಿಂತ ನೀರು ಆಗದು. ಚುಕ್ಕೆ ಮೇಲೇ ಸಿಕ್ಕರೆ ಸಸಿಗಿಂತ ಮುಂಚೆ ಬಸಿಗಾಲುವೆಯ ಖರ್ಚು ಲೆಕ್ಕ ಹಾಕಬೇಕು.

ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಗೆ ಬಟ್ಟೆಯ ಮಚ್ಚೆಯೂ ಹೊಸದಲ್ಲ. ಬಣ್ಣದಲ್ಲಿ ಅದ್ದಿದ ಬಟ್ಟೆಯ ಮೇಲೆ ಬಿಳಿ ಚುಕ್ಕೆ ಉಳಿದರೆ ತಪ್ಪು ಯಾವಾಗಲೂ ಬಣ್ಣಗಾರನದಲ್ಲ. ಪೂರ್ತಿ ಬಲಿಯದ ಕಾಯಿಯ ಎಳೆ ಬಣ್ಣ ಹಿಡಿಯುವುದು ಕಡಿಮೆ. ಹೊಲದಲ್ಲಿ ಆದದ್ದು ಗಿರಣಿ ದಾಟಿ ಅಂಗಡಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಮೈಮೇಲಿನ ಮಚ್ಚೆಯ ವಿಷಯದಲ್ಲಿ ಜನ ಹೆಚ್ಚು ಹೆದರುತ್ತಾರೆ, ಅಷ್ಟೇ ಮುಚ್ಚಿಡುತ್ತಾರೆ. ಇಲ್ಲಿಯೂ ಕೇಳಬೇಕಾದವು ಜಾಗದ, ಅಂಚಿನ ಪ್ರಶ್ನೆಗಳು. ಜೊತೆಗೆ ಇನ್ನೊಂದು, ಸ್ಪರ್ಶದ್ದು. ಎದೆ, ಬೆನ್ನು, ಕುತ್ತಿಗೆಯ ಮೇಲೆ ಬೆವರುವ ಕಾಲದಲ್ಲಿ ಬರುವ ತಿಳಿ ಚುಕ್ಕೆಗಳನ್ನು ಉಗುರಿನಿಂದ ಕೆರೆದಾಗ ಸಣ್ಣ ಹೊಟ್ಟು ಉದುರಿದರೆ ಅದು ಚಿಬ್ಬು ಇರಬಹುದು. ಎಲ್ಲರ ಚರ್ಮದ ಮೇಲೂ ಇರುವ ಒಂದು ಶಿಲೀಂಧ್ರ ಅತಿಯಾಗಿ ಬೆಳೆದದ್ದು ಅದು. ಔಷಧ ಹಚ್ಚಿದ ಮೇಲೆ ಶಿಲೀಂಧ್ರ ಬೇಗ ಸಾಯುತ್ತದೆ, ಬಣ್ಣ ಮರಳಲು ತಿಂಗಳುಗಳೇ ಬೇಕು. ಆ ನಡುವೆ ಡಾಕ್ಟರನ್ನು ಬದಲಿಸುವವರು ಬಹಳ. ಎರಡು ಕೆನ್ನೆಗೂ ಒಂದೇ ಥರ ಕಂದಾಗಿ ಹರಡುವುದು ಬಂಗು. ಬಿಸಿಲು, ಬಸಿರಿನ ಹಾರ್ಮೋನುಗಳು ಅದಕ್ಕೆ ಕಾರಣ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮು ಮೊದಲು ಚೆಂದ ಮಾಡಿ ಆಮೇಲೆ ಚರ್ಮವನ್ನೇ ತೆಳುವಾಗಿಸುತ್ತದೆ.

ಸುಣ್ಣದಷ್ಟು ಬೆಳ್ಳಗೆ, ಅಂಚು ಸ್ಪಷ್ಟವಾಗಿ, ಸ್ಪರ್ಶ ಸರಿಯಾಗಿಯೇ ಇದ್ದರೆ ಅದು ತೊನ್ನು ಇರಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣದ ಕೋಶಗಳ ಮೇಲೆ ತಿರುಗಿಬಿದ್ದಾಗ ಬರುವುದದು. ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಬಿಳಿ ಕುಷ್ಠ ಎಂದು ಕರೆಯುವವರು ಇನ್ನೂ ಇದ್ದಾರೆ. ಆ ಒಂದು ಹೆಸರು ಕೆಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ನಿಜವಾದ ಕುಷ್ಠದ ಮಚ್ಚೆ ಅಷ್ಟು ಬೆಳ್ಳಗಿರುವುದೇ ಇಲ್ಲ. ಸ್ವಲ್ಪ ತಿಳಿಯಾಗಿಯೋ ಕೆಂಪಾಗಿಯೋ ಇದ್ದು, ಮುಟ್ಟಿದರೆ ಗೊತ್ತಾಗುವುದಿಲ್ಲ. ನೋವೂ ಇಲ್ಲ, ತುರಿಕೆಯೂ ಇಲ್ಲ. ಅದಕ್ಕೇ ಜನ ಸುಮ್ಮನಿರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಹು ಔಷಧ ಚಿಕಿತ್ಸೆ ಉಚಿತ, ಬಗೆ ನೋಡಿ 6 ಅಥವಾ 12 ತಿಂಗಳು. ಬೇಗ ಹೋದರೆ ಕೈಕಾಲು ಊನವಾಗದೆ ವಾಸಿಯಾಗುತ್ತದೆ. ಕಣ್ಣಿಗೆ ರಾಚುವ ಬಿಳಿಗೆ ಹೆದರಿ, ಕಂಡೂ ಕಾಣದ ತಿಳಿ ಮಚ್ಚೆಯನ್ನು ಬಿಟ್ಟುಬಿಡುವುದು ನಮ್ಮ ವಾಡಿಕೆ. ಅಪಾಯ ಇರುವುದು ಎರಡನೆಯದರಲ್ಲಿ.

ಕೊನೆಗೆ ಹಲ್ಲು. ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಹತ್ತಿರದ ಮಾಟ್ಲಿಂಗ್ ಇದೇ, ಅದರ ಕಾರಣ ಗೊತ್ತಾದದ್ದು ಮಾತ್ರ ದೂರದಲ್ಲಿ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಯುವ ದಂತ ವೈದ್ಯ ಫ್ರೆಡ್ರಿಕ್ ಮೆಕೇ ಅಲ್ಲಿನವರ ಹಲ್ಲಿನ ಕಂದು ಕಲೆ ಕಂಡು ಅಚ್ಚರಿಪಟ್ಟ. ಕಲೆ ಇದ್ದದ್ದು ಅಲ್ಲೇ ಹುಟ್ಟಿ ಬೆಳೆದವರಿಗೆ. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಇರಲಿಲ್ಲ. ನೀರಿನ ಮೇಲೆ ಅನುಮಾನ ಬಂದದ್ದು ಅದರಿಂದ. ನೀರಿನಲ್ಲಿದ್ದದ್ದು ಫ್ಲೋರೈಡ್ ಎಂದು 1931ರಲ್ಲಿ ರಸಾಯನಶಾಸ್ತ್ರಜ್ಞ ಚರ್ಚಿಲ್ ಪತ್ತೆಮಾಡಿದ. ಭಾರತದಲ್ಲಿ ಫ್ಲೋರೈಡ್ ಬಾಧೆ, ಅಂದರೆ ಫ್ಲೋರೋಸಿಸ್, ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಕಡೆಯಿಂದ. ದಾವಣಗೆರೆ ಸುತ್ತಲ ಹಳ್ಳಿಗಳ ಮಕ್ಕಳ ಹಲ್ಲಿನ ಫ್ಲೋರೋಸಿಸ್ ಕುರಿತು ಇಲ್ಲಿನ ದಂತ ವೈದ್ಯರು ನಡೆಸಿದ ಸಮೀಕ್ಷೆ 2004ರಲ್ಲಿ ಅಂತರರಾಷ್ಟ್ರೀಯ ದಂತ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಗಳೂರು ಸೀಮೆಯವರಿಗೆ ಫ್ಲೋರೈಡ್ ಎಂಬ ಪದವನ್ನು ಹೊಸದಾಗಿ ಯಾರೂ ಕಲಿಸಬೇಕಿಲ್ಲ.

ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ಬಿಡುತ್ತಾ ಹೋಗುತ್ತದೆ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಬೋರು ಆಳಕ್ಕಿಳಿದಷ್ಟೂ ನಾವು ಬಂಡೆಯ ಜೊತೆ ಹೆಚ್ಚು ಕಾಲ ಕಳೆದ ನೀರನ್ನು ಎತ್ತುತ್ತಿದ್ದೇವೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಆದೀತು ಎಂಬುದು ಭಾರತೀಯ ಮಾನಕ. ರುಚಿ, ವಾಸನೆ, ಬಣ್ಣ ಯಾವುದರಲ್ಲೂ ಇದು ಗೊತ್ತಾಗುವುದಿಲ್ಲ. ಪಕ್ಕಪಕ್ಕದ ಎರಡು ಬೋರುಗಳಲ್ಲಿ ಬೇರೆ ಬೇರೆ ಇರಬಹುದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ.

ಹಲ್ಲಿನ ಮಚ್ಚೆಗೂ ಜಾಗದ ಸಾಕ್ಷಿ ಇದೆ. ಒಂದೇ ವಯಸ್ಸಿನಲ್ಲಿ ರೂಪುಗೊಳ್ಳುವ ಎಡ, ಬಲದ ಜೋಡಿ ಹಲ್ಲುಗಳಲ್ಲಿ ಕಲೆ ಒಂದೇ ರೀತಿ ಬಂದಿದ್ದರೆ ಫ್ಲೋರೈಡ್ ಎಂದು ಸಂಶಯಿಸಬೇಕು. ಒಂದೇ ಹಲ್ಲಿಗೆ ಇದ್ದರೆ ಹಾಲುಹಲ್ಲಿಗೆ ಹಿಂದೆ ಬಿದ್ದ ಪೆಟ್ಟೋ ಸೋಂಕೋ ಕಾರಣವಿರಬಹುದು. ಎಲೆಅಡಿಕೆ, ತಂಬಾಕಿನ ಕಲೆ ಮೇಲೆ ಕೂತದ್ದು, ಕ್ಲೀನ್ ಮಾಡಿಸಿದರೆ ಹೋಗುತ್ತದೆ. ಫ್ಲೋರೈಡಿನದು ಹಲ್ಲಿನ ಹೊರಪದರವಾದ ಎನಾಮಲ್ ಕಟ್ಟುವಾಗಲೇ ಒಳಗೆ ಆದ ದೋಷ. ಮಗು ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ ದವಡೆಯೊಳಗೆ ಶಾಶ್ವತ ಹಲ್ಲುಗಳ ಎನಾಮಲ್ ಬೆಳೆಯುತ್ತದೆ. ಆ ಕಾಲದಲ್ಲಿ ಕುಡಿದ ನೀರು ಅಲ್ಲಿ ದಾಖಲಾಗುತ್ತದೆ. ಹಲ್ಲು ಹೊರಬಂದಾಗ ಮಂಕು ಬಿಳಿಯ ತೇಪೆ ಇರುತ್ತದೆ. ಆ ಸಡಿಲ ಎನಾಮಲ್ ಬಣ್ಣ ಹೀರಿಕೊಂಡು ಕಂದಾಗುವುದು ಆಮೇಲೆ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿಸುವ ತಾಯಂದಿರೇ, ದಯವಿಟ್ಟು ಬಿಡಿ. ಕಲೆ ಹೋಗುವುದಿಲ್ಲ, ಎನಾಮಲ್ ಸವೆಯುತ್ತದೆ. ಕಲೆ ಮರೆಸುವ ಚಿಕಿತ್ಸೆ ದಂತ ವೈದ್ಯರಲ್ಲಿ ಇದೆ.

ಎಲೆಯ ಮಚ್ಚೆಗೂ ಹಲ್ಲಿನ ಮಚ್ಚೆಗೂ ನಾನು ಕಾಣುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಸುಳಿಯ ಬಿಳಿ ಪಟ್ಟಿ ಕಂಡ ವಾರದಲ್ಲೇ ಸತು ಕೊಟ್ಟರೆ ಬೆಳೆ ಚೇತರಿಸಿಕೊಳ್ಳುತ್ತದೆ. ಮಗುವಿನ ಮುಂಭಾಗದ ಶಾಶ್ವತ ಹಲ್ಲು ಮೂಡುವುದು ಏಳೆಂಟು ವರ್ಷಕ್ಕೆ. ಅದು ಹೇಳುವುದು ಹುಟ್ಟಿನಿಂದ ನಾಲ್ಕೈದು ವರ್ಷದವರೆಗೆ ಕುಡಿದ ನೀರಿನ ಸುದ್ದಿ. ಆ ಮಗುವಿಗೆ ಅದು ತಡವಾದ ಸುದ್ದಿ. ಅದೇ ಮನೆಯಲ್ಲಿ ತೆವಳುತ್ತಿರುವ ತಂಗಿಗೆ ಇನ್ನೂ ಕಾಲವಿದೆ. ಆದ್ದರಿಂದ ಮೂರನೆಯ ತರಗತಿಯ ಮೇಷ್ಟ್ರು ಮಕ್ಕಳ ಮುಂದಿನ ಹಲ್ಲು ನೋಡಿದರೆ ಊರಿನ ಯಾವ ಓಣಿಯ ನೀರನ್ನು ಮೊದಲು ಪರೀಕ್ಷಿಸಬೇಕೆಂದು ಪಂಚಾಯಿತಿಗೆ ಹೇಳಬಲ್ಲರು. ಬೇರೆ ಬೇರೆ ಓಣಿ, ಬೇರೆ ಬೇರೆ ಬೋರು; ಕಲೆ ಯಾವ ಓಣಿಯ ಮಕ್ಕಳಲ್ಲಿ ಹೆಚ್ಚು ಎಂಬುದೇ ನಕ್ಷೆ.

ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಗಳು ಫ್ಲೋರೈಡ್ ತೆಗೆಯುತ್ತವೆ, ಒಳಗಿನ ಪೊರೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಮಾತ್ರ. ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ 22 ಕೆರೆ ಯೋಜನೆ, ಜಗಳೂರಿನ 57 ಕೆರೆ ಯೋಜನೆಗಳನ್ನು ನಾವು ಬೆಳೆಯ ಲೆಕ್ಕದಲ್ಲಷ್ಟೇ ನೋಡುತ್ತೇವೆ. ಕೆರೆ ತುಂಬಿ ಅಂತರ್ಜಲ ಮೇಲೆ ಬಂದರೆ ಆಳದ ನೀರು ಎತ್ತುವ ಅಗತ್ಯ ತಗ್ಗುತ್ತದೆ. ಹಲ್ಲಿನ ಲೆಕ್ಕದಲ್ಲೂ ಅವನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಸಣ್ಣದು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಕೇಳಿ. ನಿಮ್ಮ ಓಣಿಯ ಬೋರಿನ ಫ್ಲೋರೈಡ್ ಅಂಕಿ ಎಷ್ಟೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಮನೆಯಲ್ಲಿ ಹಲ್ಲು ಮೂಡದ ಕೂಸು ಇರುವವರು ಈ ಪ್ರಶ್ನೆಯನ್ನು ಮುಂದಿನ ಸಭೆಗೆ ದೂಡಬಾರದು.